ಒತ್ತಿಗೂ ಜಾಗ ಬಿಡಿ

ದಾವಣಗೆರೆಯ ಒಂದು ಸಣ್ಣ ಪ್ರೆಸ್ಸಿನಲ್ಲಿ ಡಿಟಿಪಿ ಕೆಲಸಕ್ಕೆ ಸೇರಿದಾಗ ನನಗೆ ಗೊತ್ತಿದ್ದುದು ಪೇಜ್‌ಮೇಕರ್ ಮತ್ತು ಕೋರಲ್‌ಡ್ರಾ, ಎರಡೇ. ಮದುವೆ ಕಾರ್ಡು, ಬಿಲ್ ಬುಕ್ಕು, ಜಾತ್ರೆಯ ಕರಪತ್ರ ಮಾಡುತ್ತ ಮಾಡುತ್ತ ನಾನೂ ಒಬ್ಬ ಡಿಸೈನರ್ ಎಂದುಕೊಂಡುಬಿಟ್ಟಿದ್ದೆ. ಆ ಭ್ರಮೆ ಬಿಡಿಸಿದ್ದು ಒಂದು ಫ್ಲೆಕ್ಸು.

ಆಸ್ಪತ್ರೆಯೊಂದರ ಶಿಬಿರದ ಬ್ಯಾನರ್ ಅದು. 'ಉಚಿತ ನೇತ್ರ ಶಸ್ತ್ರಚಿಕಿತ್ಸಾ ಶಿಬಿರ' ಎಂದು ದಪ್ಪಕ್ಷರದಲ್ಲಿ ಹಾಕಿ, ಅದಕ್ಕೆ ಅಂಟಿಸಿದಂತೆ ಕೆಳಗೆ ತಾರೀಕಿನ ನೀಲಿ ಪಟ್ಟಿ ಎಳೆದಿದ್ದೆ. ಒತ್ತುಗಳೆಲ್ಲ ಪಟ್ಟಿಯಡಿ ಮುಚ್ಚಿಹೋದವು. ಬಸ್ ಸ್ಟ್ಯಾಂಡಿನ ಎದುರು 'ನೇತ ಶಸಚಿಕಿತಾ ಶಿಬಿರ' ಮೂರು ದಿನ ನೇತಾಡಿತು. ಅದನ್ನು ಓದಬೇಕಾದವರು ಕಣ್ಣು ಮಂಜಾದವರು!

ನಮ್ಮ ಪ್ರೆಸ್ಸಿನ ಮಗ್ಗುಲಲ್ಲೇ ಬೋರ್ಡ್ ಬರೆಯುವ ಕಾಕಾ ಒಬ್ಬರಿದ್ದರು. ಫ್ಲೆಕ್ಸು ಬಂದಮೇಲೆ ಅವರಿಗೆ ಕೆಲಸ ಕಡಿಮೆ. ನನ್ನ ಮೇಲೆ ಸಿಟ್ಟಿರಬೇಕಿತ್ತು, ಇರಲಿಲ್ಲ. "ಅಲ್ಲಪ್ಪಾ, ಅಕ್ಷರದ ಕಾಲೇ ಕತ್ತರಿಸಿಬಿಟ್ಟಿಯಲ್ಲೋ" ಎಂದು ನಕ್ಕು, ಒಂದು ತಗಡಿನ ಮುಂದೆ ಕೂರಿಸಿಕೊಂಡರು. ದಾರಕ್ಕೆ ಸುಣ್ಣದ ಪುಡಿ ಸವರಿ, ಎರಡೂ ತುದಿ ಬಿಗಿಹಿಡಿದು, ನಡುವೆ ಎತ್ತಿ ಟಪ್ಪೆಂದು ಬಿಟ್ಟರು. ತಗಡಿನ ಮೇಲೆ ಬಿಳಿ ಗೆರೆ. ಹೀಗೆ ಮೂರು ಗೆರೆ. "ಮೇಲಿಂದು ತಲಕಟ್ಟಿಗೆ, ನಡುವಿಂದು ಅಕ್ಷರ ಕೂರೋಕೆ, ಕೆಳಗಿಂದು ಒತ್ತಿಗೆ. ಇಂಗ್ಲಿಷ್ ಬರೆಯೋವಾಗ ಎರಡೇ ಸಾಕು."

ಇಂಗ್ಲಿಷಿನ ದೊಡ್ಡಕ್ಷರಗಳು ಸಾಲಾಗಿ ಇಟ್ಟ ಇಟ್ಟಿಗೆ ಇದ್ದ ಹಾಗೆ, ಎಲ್ಲ ಒಂದೇ ಎತ್ತರ. 'ರಾಷ್ಟ್ರ'ದ ಷಕಾರಕ್ಕೋ ಒಂದಲ್ಲ, ಎರಡು ಒತ್ತು. ಇಂಗ್ಲಿಷಿನ ಅಳತೆಗೆ ಕತ್ತರಿಸಿದ ಪಟ್ಟಿಯೊಳಗೆ ಈ ಪದವನ್ನು ತೂರಿಸಿದರೆ ಇಡೀ ಸಾಲನ್ನೇ ಕುಗ್ಗಿಸಬೇಕಾಗುತ್ತದೆ. ಎಷ್ಟೋ ಬೋರ್ಡುಗಳಲ್ಲಿ ಕನ್ನಡ ಬಡಕಲಾಗಿ ಕಾಣುವುದಕ್ಕೆ ತಾತ್ಸಾರ ಒಂದೇ ಕಾರಣವಲ್ಲ. ಪಟ್ಟಿ ಮೊದಲು ಕತ್ತರಿಸುತ್ತಾರೆ, ಕನ್ನಡ ಆಮೇಲೆ ನೆನಪಾಗುತ್ತದೆ.

2024ರಲ್ಲಿ ನಾಮಫಲಕದ ಶೇ. 60 ಭಾಗ ಕನ್ನಡದಲ್ಲಿರಬೇಕೆಂಬ ಕಾನೂನು ಬಂದಾಗ ಇದನ್ನು ದಿನಾ ಕಂಡೆ. ಅಂಗಡಿಯವರು ಹಳೆಯ ಇಂಗ್ಲಿಷ್ ಲೋಗೋ ಹಿಡಿದು ಬರುತ್ತಿದ್ದರು. "ಕನ್ನಡ ಸ್ವಲ್ಪ ಅಗಲಕ್ಕೆ ಎಳೀರಿ ಸಾರ್, ಅರವತ್ತು ಆದ್ರೆ ಆಯ್ತು." ಎಳೆದ ಅಕ್ಷರ ಲಟ್ಟಣಿಗೆ ಅಡಿ ಸಿಕ್ಕ ಹಿಟ್ಟಿನಂತಾಗುತ್ತದೆ. ಅಳತೆಪಟ್ಟಿ ಹಿಡಿದು ಬಂದವರಿಗೆ ಅದು ಕನ್ನಡವೇ. ರಸ್ತೆಯಲ್ಲಿ ಹೋಗುವವನಿಗೆ ದಂಡ ಕಟ್ಟಿದ ರಸೀದಿ. ಕಾನೂನು ಬೇಕಿತ್ತು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಚಂದವನ್ನು ಶೇಕಡಾದಲ್ಲಿ ಅಳೆಯಲಾಗದು.

ಒಳ್ಳೆಯ ಫಾಂಟ್ ಇಲ್ಲ ಎಂಬ ನೆಪ ಈಗ ನಡೆಯುವುದಿಲ್ಲ. 'ಬಾಲೂ ತಮ್ಮ' ಎಂಬ ಗುಂಡುಗುಂಡಗಿನ ಫಾಂಟು ಬೋರ್ಡಿಗೆಂದೇ ಹುಟ್ಟಿದಂತಿದೆ, ಬಿಟ್ಟಿಯಾಗಿ ಸಿಗುತ್ತದೆ. ಅಷ್ಟಕ್ಕೂ ಫಾಂಟಿಲ್ಲದೆಯೂ ಕನ್ನಡ ಅಚ್ಚಾಗಿದೆ: 1843ರಲ್ಲಿ ಮಂಗಳೂರಿನಿಂದ ಹೊರಟ ನಮ್ಮ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಶುರುವಾದದ್ದು ಕಲ್ಲಚ್ಚಿನಲ್ಲಿ. ಕೈಬರಹವೇ ಅಚ್ಚಾಗುವ ವಿಧಾನ ಅದು. ಕೈಯಲ್ಲಿ ಬರೆಯುವವನು ಒತ್ತಿಗೆ ಜಾಗ ಬಿಡದೆ ಇರುವುದುಂಟೇ?

ನಾನೀಗ ಯಾವ ಕೆಲಸ ಬಂದರೂ ಹೆಸರನ್ನು ಮೊದಲು ಹಾಳೆಯ ಮೇಲೆ ಪೆನ್ಸಿಲ್ಲಿನಲ್ಲಿ, ಕನ್ನಡದಲ್ಲೇ ಬರೆದುಕೊಳ್ಳುತ್ತೇನೆ. ಒತ್ತು ಎಷ್ಟು ಕೆಳಗಿಳಿಯುತ್ತದೆ ನೋಡಿ, ಆಮೇಲೆ ಕಂಪ್ಯೂಟರ್ ಮುಟ್ಟುತ್ತೇನೆ. ನೀವು ಬೋರ್ಡ್ ಮಾಡಿಸಲು ಹೊರಟವರಾದರೆ ಒಂದು ಉಪಕಾರ ಮಾಡಿ: ಮೊದಲು ಅಂಗಡಿಯ ಹೆಸರನ್ನು ಕನ್ನಡದಲ್ಲಿ ಬರೆದು ಕೊಡಿ, ಪಟ್ಟಿಯ ಎತ್ತರ ಆಮೇಲೆ ಹೇಳಿ.