ಸಾಮಾನ್ಯ ಪದಗಳೂ ವ್ಯಾಪಾರ ಚಿಹ್ನೆಯೂ: ‘ನಂದಿನಿ’ ಪ್ರಕರಣದ ಪಾಠ

ರಾಜಾಜಿನಗರದಿಂದ ಕೆಂಗೇರಿಯವರೆಗಿನ ಅಂಗಡಿ, ಹೋಟೆಲು, ಸಣ್ಣ ಕಾರ್ಖಾನೆಗಳ ಫಲಕಗಳಲ್ಲಿ ದೇವರ ಹೆಸರು, ಊರಿನ ಹೆಸರು ಅಥವಾ ಸರಕಿನ ಗುಣ ಹೇಳುವ ಪದ ಸಾಮಾನ್ಯವಾಗಿ ಕಾಣಸಿಗುತ್ತದೆ. ಇಂತಹ ಹೆಸರು ಗಿರಾಕಿಗಳ ಬಾಯಲ್ಲಿ ಬೇಗ ನಿಲ್ಲುತ್ತದೆ. ಆದರೆ ಅದೇ ಪದವನ್ನು ಮತ್ತೊಬ್ಬರು ಬಳಸಿದಾಗ ತಡೆಯುವ ಹಕ್ಕು ನಮಗೆಷ್ಟಿದೆ ಎಂಬ ವಿಚಾರ ಬಹುಮಂದಿಗೆ ಹೊಳೆಯುವುದು ನೋಟೀಸು ಕೈಸೇರಿದ ಮೇಲೆಯೇ.

ಕಾಯಿದೆ ಹೇಳುವುದೇನು?

2003ರ ಸೆಪ್ಟೆಂಬರ್ 15ರಂದು ಜಾರಿಗೆ ಬಂದ 1999ರ ವ್ಯಾಪಾರ ಚಿಹ್ನೆಗಳ ಕಾಯಿದೆಯ 9ನೇ ಕಲಮಿನಂತೆ, ಸರಕಿನ ಜಾತಿ, ಗುಣ, ಪ್ರಮಾಣ, ಉಪಯೋಗ ಅಥವಾ ಉತ್ಪತ್ತಿ ಸ್ಥಳವನ್ನಷ್ಟೇ ಸೂಚಿಸುವ ಪದ ನೋಂದಣಿಗೆ ಅರ್ಹವಲ್ಲ. ಅರ್ಜಿಯ ದಿನಾಂಕಕ್ಕೆ ಮೊದಲೇ ದೀರ್ಘ ಬಳಕೆಯಿಂದ ಆ ಪದ ಒಬ್ಬ ವರ್ತಕನ ಸರಕಿನ ಗುರುತೇ ಆಗಿದ್ದಲ್ಲಿ ಮಾತ್ರ ವಿನಾಯಿತಿಯುಂಟು. ನೋಂದಣಿ ದೊರೆತರೂ, ಇತರರು ತಮ್ಮ ಸರಕಿನ ಗುಣವನ್ನು ಪ್ರಾಮಾಣಿಕವಾಗಿ ವಿವರಿಸುವುದನ್ನು 35ನೇ ಕಲಮಿನ ಪ್ರಕಾರ ತಡೆಯಲಾಗದು.

ನಂದಿನಿ ಪ್ರಕರಣ

ಕರ್ನಾಟಕ ಸಹಕಾರಿ ಹಾಲು ಉತ್ಪಾದಕರ ಮಹಾಮಂಡಳವು 1985ರಿಂದ ಹಾಲು ಮತ್ತು ಹಾಲಿನ ಉತ್ಪನ್ನಗಳಿಗೆ ‘ನಂದಿನಿ’ ಹೆಸರನ್ನು ಬಳಸುತ್ತಿದೆ. ಬೆಂಗಳೂರಿನ ನಂದಿನಿ ಡಿಲಕ್ಸ್ ಸಂಸ್ಥೆ ತನ್ನ ಹೋಟೆಲುಗಳಿಗೆ ಅದೇ ಹೆಸರನ್ನು, ಇಂಗ್ಲಿಷ್ ಅಕ್ಷರಗಳಲ್ಲಿ ತುಸು ಬೇರೆ ಕಾಗುಣಿತದಲ್ಲಿ, 1989ರಿಂದ ಬಳಸುತ್ತಿರುವುದಾಗಿ ಹೇಳಿತು. ಈ ಸಂಸ್ಥೆ ಮಾಂಸ, ಮೀನು ಮುಂತಾದ ಆಹಾರ ಪದಾರ್ಥಗಳಿಗೆ ನೋಂದಣಿ ಕೋರಿದಾಗ ಮಹಾಮಂಡಳ ಆಕ್ಷೇಪಿಸಿತು. 2007ರಲ್ಲಿ ಉಪ ರಿಜಿಸ್ಟ್ರಾರರು ಆಕ್ಷೇಪಣೆಯನ್ನು ತಳ್ಳಿಹಾಕಿದರು. 2011ರಲ್ಲಿ ಬೌದ್ಧಿಕ ಸ್ವತ್ತು ಮೇಲ್ಮನವಿ ಮಂಡಳಿಯೂ 2014ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವೂ ಮಹಾಮಂಡಳದ ಪರ ತೀರ್ಪಿತ್ತವು. ಅಂತಿಮವಾಗಿ 2018ರ ಜುಲೈ 26ರಂದು ಸರ್ವೋಚ್ಚ ನ್ಯಾಯಾಲಯ ಹೋಟೆಲು ಸಂಸ್ಥೆಯ ಮೇಲ್ಮನವಿಯನ್ನು ಪುರಸ್ಕರಿಸಿತು.

ನ್ಯಾಯಮೂರ್ತಿಗಳಾದ ಎ.ಕೆ. ಸಿಕ್ರಿ ಮತ್ತು ಅಶೋಕ್ ಭೂಷಣ್ ಅವರ ಪೀಠ ನೀಡಿದ ಕಾರಣಗಳು ಮನನೀಯ. ‘ನಂದಿನಿ’ ಎಂಬುದು ಮಹಾಮಂಡಳ ಹೊಸದಾಗಿ ಸೃಷ್ಟಿಸಿದ ಪದವಲ್ಲ; ಅದು ಪುರಾಣಪ್ರಸಿದ್ಧ ದೇವತೆಯ, ಗೋವಿನ ಹೆಸರು. ಎರಡೂ ಚಿಹ್ನೆಗಳ ಚಿತ್ರ, ಬರಹ ಬೇರೆ ಬೇರೆ. ಸರಕುಗಳು ಒಂದೇ ವರ್ಗಕ್ಕೆ ಸೇರಿದ ಮಾತ್ರಕ್ಕೆ ಆ ವರ್ಗವಿಡೀ ಒಬ್ಬರ ಸ್ವತ್ತಾಗದು. ಹೋಟೆಲು ಆ ಹೆಸರಿಟ್ಟದ್ದು ಮಹಾಮಂಡಳ ಬಳಕೆ ಆರಂಭಿಸಿದ ನಾಲ್ಕೈದು ವರ್ಷಗಳಲ್ಲೇ ಎಂಬುದನ್ನೂ ಪೀಠ ಗಣಿಸಿತು. ಆದರೆ ಹಾಲು, ಹಾಲಿನ ಉತ್ಪನ್ನಗಳನ್ನು ಹೋಟೆಲಿನ ನೋಂದಣಿಯಿಂದ ಹೊರಗಿಡಲಾಯಿತು. ಹೀಗೆ ಮಹಾಮಂಡಳದ ಹೆಸರು ಅದರ ಸ್ವಕ್ಷೇತ್ರದಲ್ಲಿ ಭದ್ರವಾಗಿಯೇ ಉಳಿಯಿತು.

ಹೊಗಳಿಕೆಯ ಪದಗಳ ಪಾಡು ಇನ್ನೂ ದುರ್ಬಲ. ಐಟಿಸಿಯ ‘ಮ್ಯಾಜಿಕ್ ಮಸಾಲಾ’, ನೆಸ್ಲೆಯ ‘ಮ್ಯಾಜಿಕಲ್ ಮಸಾಲಾ’ ನೂಡಲ್ಸ್ ನಡುವಿನ ದಾವೆಯಲ್ಲಿ 2020ರ ಜೂನ್‌ನಲ್ಲಿ ಮದ್ರಾಸ್ ಉಚ್ಚ ನ್ಯಾಯಾಲಯವು, ಮೊದಲನೆಯ ಪದ ಬರಿಯ ಪ್ರಶಂಸೆ, ಎರಡನೆಯದು ಎಲ್ಲರ ಬಳಕೆಯದು ಎಂದು ಐಟಿಸಿಯ ಹಕ್ಕೊತ್ತಾಯವನ್ನು ನಿರಾಕರಿಸಿತು. ದೊಡ್ಡ ಕಂಪನಿಗೇ ದಕ್ಕದ ಏಕಸ್ವಾಮ್ಯ ಸಣ್ಣ ಉದ್ಯಮಿಗೆ ಸುಲಭವಾಗಿ ದಕ್ಕೀತೆ?

ಉದ್ಯಮಿಗಳು ಗಮನಿಸಬೇಕಾದ ಅಂಶಗಳು

1. ಫಲಕ, ಪೊಟ್ಟಣ ಅಚ್ಚು ಹಾಕಿಸುವ ಮುನ್ನವೇ ನೋಂದಣಿ ಇಲಾಖೆಯ ದಾಖಲೆಯಲ್ಲಿ ಹೆಸರನ್ನು ಹುಡುಕಿ ನೋಡಬೇಕು.

2. ಸಾಮಾನ್ಯ ಪದವೇ ಬೇಕೆಂದಿದ್ದರೆ ಅದರೊಡನೆ ವಿಶಿಷ್ಟ ಪದ ಅಥವಾ ಚಿತ್ರವನ್ನು ಸೇರಿಸುವುದು ಒಳಿತು. ಆದರೂ ರಕ್ಷಣೆ ಇಡೀ ಚಿಹ್ನೆಗೇ ಹೊರತು ಅದರೊಳಗಿನ ಸಾಮಾನ್ಯ ಪದಕ್ಕಲ್ಲ.

3. ನಿಜವಾಗಿ ಮಾರುವ ಸರಕುಗಳನ್ನು ಸ್ಪಷ್ಟವಾಗಿ ನಮೂದಿಸಬೇಕು. ಹಾಲು, ಮಾಂಸ 29ನೇ ವರ್ಗ. ಮಸಾಲೆ, ಸಿಹಿತಿಂಡಿ 30. ಹೋಟೆಲು ಸೇವೆ 43.

4. ಮೊದಲ ದಿನದಿಂದಲೇ ಬಿಲ್ಲು, ಜಾಹೀರಾತು, ತೆರಿಗೆ ಪತ್ರಗಳನ್ನು ವರ್ಷವಾರು ಕಾಪಾಡಬೇಕು. ಮುಂಚಿನ ಬಳಕೆಯನ್ನು ರುಜುವಾತುಪಡಿಸುವವನ ಹಕ್ಕನ್ನು 34ನೇ ಕಲಮು ರಕ್ಷಿಸುತ್ತದೆ.

5. ಇತರರ ಅರ್ಜಿ ವ್ಯಾಪಾರ ಚಿಹ್ನೆಗಳ ಪತ್ರಿಕೆಯಲ್ಲಿ ಪ್ರಕಟವಾದ ನಾಲ್ಕು ತಿಂಗಳೊಳಗೆ ಆಕ್ಷೇಪಣೆ ಸಲ್ಲಿಸಬೇಕು.

ಕರ್ನಾಟಕದ ಅರ್ಜಿಗಳು ಚೆನ್ನೈ ಕಚೇರಿಯ ವ್ಯಾಪ್ತಿಗೆ ಸೇರುತ್ತವೆ. 2017ರ ನಿಯಮಗಳಂತೆ ಆನ್‌ಲೈನ್ ಅರ್ಜಿಗೆ ವರ್ಗವೊಂದಕ್ಕೆ ವ್ಯಕ್ತಿಗಳಿಗೂ ಸಣ್ಣ ಉದ್ಯಮಗಳಿಗೂ 4,500 ರೂ., ಇತರರಿಗೆ 9,000 ರೂ. ಶುಲ್ಕವಿದೆ. ನೋಂದಣಿಯ ಅವಧಿ ಹತ್ತು ವರ್ಷ, ಬಳಿಕ ನವೀಕರಿಸಬಹುದು.

ನಂದಿನಿ ವ್ಯಾಜ್ಯದಲ್ಲಿ ರಿಜಿಸ್ಟ್ರಾರರ ಆದೇಶದಿಂದ ಅಂತಿಮ ತೀರ್ಪಿನವರೆಗೆ ಸಂದ ಕಾಲವೇ ಹನ್ನೊಂದು ವರ್ಷ. ಅಷ್ಟು ಕಾಲ, ಅಷ್ಟು ವೆಚ್ಚವನ್ನು ತಾಳಿಕೊಳ್ಳುವ ಶಕ್ತಿ ಸಣ್ಣ ಉದ್ಯಮಕ್ಕಿರದು. ಆದುದರಿಂದ ಹೆಸರಿಡುವಾಗಲೇ ವಹಿಸುವ ಎಚ್ಚರವೇ ಅತ್ಯಂತ ಅಗ್ಗದ ರಕ್ಷಣೆ.