ಲೆಕ್ಕ ಕೇಳಿದ ಪಾಲುದಾರರು

ಒಬ್ಬನ ಹಣವನ್ನು ಮತ್ತೊಬ್ಬನು ವ್ಯಾಪಾರದಲ್ಲಿ ತೊಡಗಿಸಿದರೆ, ಲೆಕ್ಕ ಕೇಳುವ ಹಕ್ಕು ಹಣ ಕೊಟ್ಟವನಿಗೆ ಉಂಟಷ್ಟೆ. ಆದರೆ ಹಣ ಕೊಟ್ಟವರು ಸಾವಿರಾರು ಮಂದಿ, ವ್ಯವಹಾರ ನಡೆಸುವವರು ಕೆಲವರೇ ಆದಾಗ ಈ ಹಕ್ಕು ಸುಲಭವಾಗಿ ಕೈಗೂಡದು. ಡಚ್ ಈಸ್ಟ್ ಇಂಡಿಯಾ ಕಂಪನಿಯ ಚರಿತ್ರೆ ಇದಕ್ಕೆ ಒಳ್ಳೆಯ ನಿದರ್ಶನ.

1602ರಲ್ಲಿ ಡಚ್ ಸರ್ಕಾರವು ಈ ಕಂಪನಿಗೆ ಸನ್ನದನ್ನು ನೀಡಿತು. ಸುಮಾರು 64 ಲಕ್ಷ ಗಿಲ್ಡರುಗಳ ಬಂಡವಾಳ ಕೂಡಿತು. ಆಮ್‌ಸ್ಟರ್‌ಡ್ಯಾಮ್ ಶಾಖೆಯೊಂದರಲ್ಲೇ 1,143 ಮಂದಿ ಹಣ ಹೂಡಿದರು. ಅವರಲ್ಲಿ ವರ್ತಕರಲ್ಲದೆ ಮನೆಗೆಲಸದವರೂ ಇದ್ದರು. ಆಡಳಿತದ ಸೂತ್ರವಾದರೋ ಹದಿನೇಳು ಮಂದಿ ನಿರ್ದೇಶಕರ ಕೈಯಲ್ಲಿದ್ದಿತು. ಹತ್ತು ವರ್ಷಗಳ ತರುವಾಯ ಲೆಕ್ಕವನ್ನು ಬಹಿರಂಗವಾಗಿ ಒಪ್ಪಿಸತಕ್ಕದ್ದೆಂದೂ, ಆಗ ಪಾಲುದಾರರು ಬಯಸಿದರೆ ಹಣವನ್ನು ಹಿಂಪಡೆಯಬಹುದೆಂದೂ ಸನ್ನದು ವಿಧಿಸಿತ್ತು. ಅದುವರೆಗೆ ಹಣ ಬೇಕಾದವರು ತಮ್ಮ ಪಾಲನ್ನು ಇತರರಿಗೆ ಮಾರಬಹುದಾಗಿತ್ತು.

1609ರಲ್ಲಿ ಐಸಾಕ್ ಲ ಮೇರ್ ಎಂಬ ದೊಡ್ಡ ಪಾಲುದಾರನು, ನಿರ್ದೇಶಕರ ಆಡಳಿತವನ್ನು ಖಂಡಿಸಿ ಅಧಿಕಾರಸ್ಥರಿಗೆ ಮನವಿ ಸಲ್ಲಿಸಿದನು. ಈತನು ಹಿಂದೆ ತಾನೇ ನಿರ್ದೇಶಕನಾಗಿದ್ದು, ಜಗಳವಾಡಿ ಹೊರಬಿದ್ದವನು. ಅಷ್ಟೇ ಅಲ್ಲ, ಅದೇ ವರ್ಷ ಅವನೂ ಅವನ ಸಂಗಡಿಗರೂ ತಮ್ಮಲ್ಲಿಲ್ಲದ ಷೇರುಗಳನ್ನು ಮುಂದೆ ಕೊಡುವೆವೆಂದು ಮಾರತೊಡಗಿದರು. ಬೆಲೆ ಇಳಿದರೆ ಅವರಿಗೆ ಲಾಭ! 1610ರಲ್ಲಿ ಸರ್ಕಾರವು ಇಂಥ ಮಾರಾಟವನ್ನು ನಿಷೇಧಿಸಿತು. ಆ ವರ್ಷವೇ ಕಂಪನಿಯು ಮೊದಲ ಲಾಭಾಂಶವನ್ನು ಹಂಚಿತು. ಆದರೆ ಹಣವಾಗಿ ಅಲ್ಲ, ಜಾಪತ್ರೆಯ ರೂಪದಲ್ಲಿ.

1612 ಬಂದಿತು, ಸನ್ನದು ವಿಧಿಸಿದ್ದ ಬಹಿರಂಗ ಲೆಕ್ಕ ಮಾತ್ರ ಬರಲಿಲ್ಲ. 1622ರ ವೇಳೆಗೆ ಪಾಲುದಾರರ ಅಸಮಾಧಾನವು ಅಚ್ಚಾದ ಕರಪತ್ರಗಳಲ್ಲಿ ಹೊರಬಿದ್ದಿತು. 1623ರಲ್ಲಿ ಸನ್ನದನ್ನು ನವೀಕರಿಸುವಾಗ ನಿರ್ದೇಶಕರ ಅಧಿಕಾರಾವಧಿಗೆ ಮಿತಿ ಬಂದಿತು. ಲೆಕ್ಕವನ್ನು ಪರಿಶೀಲಿಸಲು ದೊಡ್ಡ ಪಾಲುದಾರರ ಪ್ರತಿನಿಧಿಗಳಿಗೆ ಅವಕಾಶ ದೊರೆಯಿತು. ಸಣ್ಣ ಪಾಲುದಾರರು ಹೊರಗೇ ಉಳಿದರು.

ಇವೆಲ್ಲವೂ ನಮಗೆ ತಿಳಿಯುವುದು ಸನ್ನದು, ಮನವಿ, ಷೇರು ವಹಿಗಳಂಥ ಹಳೆಯ ಕಾಗದಗಳಿಂದ. 1606ರ ಒಂದು ಷೇರುಪತ್ರವು 2010ರಲ್ಲಿ ಹೋರ್ನ್ ಪಟ್ಟಣದ ದಾಖಲೆಭಂಡಾರದಲ್ಲಿ ದೊರೆಯಿತು. ಇಂಥ ದಾಖಲೆಗಳನ್ನು ಓದುವಾಗ ಬರೆದವನಿಗೆ ಅದರಿಂದ ಏನು ಲಾಭವೆಂದು ಕೇಳುವುದು ಚರಿತ್ರಕಾರನ ಧರ್ಮ. ಲ ಮೇರನ ಉದ್ದೇಶ ಶುದ್ಧವಾಗಿರಲಿಲ್ಲ; ಆದರೂ ಅವನು ಎತ್ತಿದ ಪ್ರಶ್ನೆ ನ್ಯಾಯವಾದುದೇ. ದೂರಿದವನ ಗುಣವನ್ನೂ ದೂರಿನ ಸತ್ಯವನ್ನೂ ಬೇರೆಬೇರೆಯಾಗಿ ತೂಗಬೇಕು. ಇಂದು ಕಂಪನಿಗಳು ವರ್ಷವರ್ಷವೂ ಷೇರುದಾರರ ಮುಂದಿಡುವ ಲೆಕ್ಕಪತ್ರದ ಹಿಂದೆ ಈ ಹಳೆಯ ಜಗಳವೂ ಇದೆ.