ಮಂಡ್ಯದ ಕಲ್ಲೂ ಕಡಲಿನ ಉಪ್ಪೂ

ಮದ್ದೂರಿನಿಂದ ಮಳವಳ್ಳಿಯತ್ತ ಹೊರಟವರು ದಾರಿಯ ಪಕ್ಕದಲ್ಲಿ ಹೊಸದಾಗಿ ತೋಡಿದ ಬಾವಿಯನ್ನು ಕಂಡರೆ ಒಂದು ಗಳಿಗೆ ನಿಂತು ಇಣುಕಿ ನೋಡಬೇಕು. ಮೇಲೆ ಕೆಮ್ಮಣ್ಣು, ಅದರ ಕೆಳಗೆ ನೋಟಕ್ಕೆ ಕಲ್ಲಿನಂತೆಯೇ ಇದ್ದು, ಬೆರಳಿನಲ್ಲಿ ಹಿಸುಕಿದರೆ ಪುಡಿಯಾಗುವ ಒಂದು ಪದರ, ಇನ್ನೂ ಕೆಳಗೆ ಸುತ್ತಿಗೆಗೂ ಜಗ್ಗದ ಬಂಡೆ. ನಡುವಿನ ಪದರವು ಪೂರ್ತಿ ಮಣ್ಣೂ ಅಲ್ಲ, ಪೂರ್ತಿ ಕಲ್ಲೂ ಅಲ್ಲ. ಕಲ್ಲು ಮಣ್ಣಾಗುತ್ತಿರುವ ಮಧ್ಯಾವಸ್ಥೆ ಅದು. ಭೂಮಿಯ ಬಹು ದೊಡ್ಡದೊಂದು ವ್ಯವಹಾರವು ಅಲ್ಲಿ ಸದ್ದಿಲ್ಲದೆ ನಡೆಯುತ್ತಿದೆ.

ಮೊದಲು ಬಂಡೆಯ ವಿಚಾರ. ಕಪ್ಪು ಬಿಳುಪು ಪಟ್ಟೆಗಳುಳ್ಳ ಈ ಶಿಲೆಗೆ ನೈಸ್ ಎಂದು ಹೆಸರು. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಡಬ್ಲ್ಯು. ಎಫ್. ಸ್ಮೀತ್ ಅವರು 1916ರಲ್ಲಿ ಇದಕ್ಕೆ ‘ಪೆನಿನ್ಸುಲಾರ್ ನೈಸ್’ ಎಂದು ನಾಮಕರಣ ಮಾಡಿದರು. ಬೆಂಗಳೂರಿನ ಲಾಲ್‌ಬಾಗಿನ ಗುಡ್ಡವೂ ಇದೇ ಕುಲಕ್ಕೆ ಸೇರಿದುದು. ವಯಸ್ಸು ಸುಮಾರು 300 ಕೋಟಿ ವರ್ಷ. ಇಂಥ ಶಿಲೆಯು ನೆಲದ ಮೇಲೆ ಹುಟ್ಟುವುದಿಲ್ಲ; ಹತ್ತಾರು ಮೈಲಿ ಆಳದ ಶಾಖ ಮತ್ತು ಒತ್ತಡಗಳಲ್ಲಿ ರೂಪುಗೊಳ್ಳುತ್ತದೆ. ಹಾಗಾದರೆ ಅದು ಇಂದು ಬಿಸಿಲಿಗೆ ಮೈಯೊಡ್ಡಿರುವುದು ಹೇಗೆ? ಮೇಲಿದ್ದುದೆಲ್ಲವೂ ಸವೆದು ಹೋದುದರಿಂದ. ನಾವು ಕಬ್ಬು ಬೆಳೆಯುತ್ತಿರುವುದು ಎಂದೋ ಅಳಿದುಹೋದ ಪರ್ವತಗಳ ಬೇರಿನ ಮೇಲೆ!

ಸವೆಸಿದವರಾರೆಂದರೆ, ಮುಖ್ಯವಾಗಿ ಮಳೆ. ಮಳೆಯ ಹನಿಯು ಗಾಳಿಯಲ್ಲಿರುವ ಇಂಗಾಲಾಮ್ಲ ವಾಯುವನ್ನು ಸ್ವಲ್ಪ ಕರಗಿಸಿಕೊಂಡೇ ಕೆಳಗಿಳಿಯುತ್ತದೆ. ಮಣ್ಣಿನೊಳಗಿನ ಬೇರುಗಳೂ ಸೂಕ್ಷ್ಮಜೀವಿಗಳೂ ಅದಕ್ಕೆ ಇನ್ನಷ್ಟನ್ನು ಕೂಡಿಸುತ್ತವೆ. ಹೀಗೆ ತುಸು ಹುಳಿಯಾದ ನೀರು ಬಂಡೆಯ ಫೆಲ್ಡ್‌ಸ್ಪಾರ್ ಹರಳುಗಳನ್ನು ಮೆಲ್ಲಮೆಲ್ಲನೆ ಜೇಡಿಮಣ್ಣಾಗಿ ಮಾರ್ಪಡಿಸುತ್ತದೆ. ಗಟ್ಟಿ ಹರಳಾದ ಬೆಣಚುಕಲ್ಲು ಮಾತ್ರ ಮರಳಾಗಿ ಉಳಿಯುತ್ತದೆ. ಕಬ್ಬಿಣದ ಅಂಶವು ತುಕ್ಕು ಹಿಡಿದು ಮಣ್ಣಿಗೆ ಕೆಂಪು ಬಣ್ಣ ಬರುತ್ತದೆ. ಒಂದು ಅಡಿ ಮಣ್ಣಾಗಲು ಸಾವಿರಾರು ವರ್ಷಗಳು ಬೇಕು. ಅದು ಕೊಚ್ಚಿಹೋಗಲು ಹೆಚ್ಚು ಕಾಲ ಬೇಕಿಲ್ಲ.

ಇನ್ನು ಕರಗಿಹೋದ ಸುಣ್ಣ ಮತ್ತು ಸೋಡಿಯಂಗಳ ಗತಿಯೇನು? ಅವು ಕಾವೇರಿಯ ಪಾಲಾಗುತ್ತವೆ. ಶಿವನಸಮುದ್ರದಲ್ಲಿ ಗಗನಚುಕ್ಕಿ, ಭರಚುಕ್ಕಿಗಳಾಗಿ ಧುಮುಕುವ ಹೊಳೆಯನ್ನು ನೋಡಿ ನಾವು ಬೆರಗಾಗುತ್ತೇವೆ. 1902ರಲ್ಲಿ ಅಲ್ಲಿಂದಲೇ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತು ಹರಿಯಿತೆಂಬುದೂ ಸರ್ವವಿದಿತ. ಆದರೆ ಆ ನೊರೆನೀರಿನಲ್ಲಿ ಕಣ್ಣಿಗೆ ಕಾಣದಂತೆ ಬಂಡೆಯೇ ಸಾಗಿಹೋಗುತ್ತಿದೆ ಎಂಬುದು ನಮಗೆ ಹೊಳೆಯುವುದು ಅಪರೂಪ. ಕಡಲನ್ನು ಸೇರಿದ ಸೋಡಿಯಂ ಅಲ್ಲಿಯ ಉಪ್ಪಿನ ಒಂದು ಪಾಲು. ಸುಣ್ಣದ ಅಂಶವನ್ನು ಕಡಲ ಜೀವಿಗಳು ಹೀರಿ ಚಿಪ್ಪು ಕಟ್ಟಿಕೊಳ್ಳುತ್ತವೆ. ಸತ್ತ ಮೇಲೆ ಆ ಚಿಪ್ಪುಗಳು ತಳಕ್ಕಿಳಿದು ಸುಣ್ಣಶಿಲೆಯಾಗುತ್ತವೆ. ಗಾಳಿಯಲ್ಲಿದ್ದ ಇಂಗಾಲವು ಹೀಗೆ ಕಲ್ಲಿನಲ್ಲಿ ಸೆರೆಯಾಗುತ್ತದೆ. ಜ್ವಾಲಾಮುಖಿಗಳು ಅದನ್ನು ಮರಳಿ ಬಿಡುಗಡೆ ಮಾಡುತ್ತವೆ.

ಇಲ್ಲೊಂದು ಸ್ವಾರಸ್ಯವಿದೆ. ಭೂಮಿಯು ಬೆಚ್ಚಗಾದಾಗ ಮಳೆಯೂ ಶಿಲಾಕ್ಷಯವೂ ಹೆಚ್ಚುತ್ತವೆ. ಇಂಗಾಲವು ಹೆಚ್ಚು ಸೆರೆಯಾಗಿ ಭೂಮಿ ತಣಿಯುತ್ತದೆ. ತಣ್ಣಗಾದಾಗ ಕೆಲಸ ನಿಧಾನವಾಗುತ್ತದೆ. ಭೂಮಿಯು ಕುದಿದೂ ಹೋಗದೆ ಹೆಪ್ಪುಗಟ್ಟಿಯೂ ಹೋಗದೆ ಉಳಿದುದಕ್ಕೆ ಇದು ಒಂದು ಪ್ರಬಲ ಕಾರಣ. ಆದರೆ ಇದು ಲಕ್ಷಾಂತರ ವರ್ಷಗಳ ಲೆಕ್ಕ. ಕಲ್ಲಿದ್ದಲು, ಪೆಟ್ರೋಲುಗಳನ್ನು ಸುಟ್ಟು ನಾವು ಈ ಇನ್ನೂರು ವರ್ಷಗಳಲ್ಲಿ ಸೇರಿಸಿದ ಇಂಗಾಲವನ್ನು ಬಂಡೆಗಳು ನಮ್ಮ ಕಾಲಕ್ಕೆ ತೀರಿಸಿಕೊಡಲಾರವು.

ಮಂಡ್ಯದ ಸೀಮೆಗೆ ಮಳೆ ಕಡಿಮೆ. ವರ್ಷಕ್ಕೆ ಸುಮಾರು 700 ಮಿಲಿಮೀಟರು. ಸುಮಾರು 9 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ನಮ್ಮ ನೆಲದಿಂದ ಬೇರ್ಪಟ್ಟಿತು. ಆ ಬಿರುಕಿನ ಅಂಚಿನಲ್ಲಿ ಎದ್ದು ನಿಂತ ಪಶ್ಚಿಮಘಟ್ಟವೇ ಮುಂಗಾರಿನ ಮೋಡಗಳನ್ನು ತಡೆದು ಬರಿದು ಮಾಡುತ್ತದೆ. ಕೊಡಗಿನಲ್ಲಿ ಸುರಿದ ಆ ಮಳೆಯನ್ನು ಕನ್ನಂಬಾಡಿ ಕಟ್ಟೆಯಲ್ಲಿ ಹಿಡಿದು, 1930ರ ದಶಕದಿಂದ ಈಚೆಗೆ ವಿಶ್ವೇಶ್ವರಯ್ಯ ನಾಲೆಯ ಮೂಲಕ ಮಂಡ್ಯ, ಮದ್ದೂರು, ಮಳವಳ್ಳಿಗಳಿಗೆ ಹಾಯಿಸಿದ್ದೇವೆ. ಒಣನಾಡು ಹಸಿರಾಯಿತು. ಆದರೆ ನಾಲೆಯ ನೀರಿನೊಡನೆ ಕರಗಿದ ಲವಣವೂ ಗದ್ದೆಗೆ ಬರುತ್ತದೆ. ನೀರು ಆವಿಯಾಗುತ್ತದೆ, ಲವಣ ಉಳಿಯುತ್ತದೆ. ಅತಿಯಾಗಿ ನೀರು ಕಟ್ಟಿದ ತಗ್ಗಿನಲ್ಲಿ ಅಂತರ್ಜಲವು ಮೇಲೇರಿ, ಅಡಿಯ ಕೊಳೆತ ಬಂಡೆಯ ಲವಣವನ್ನೂ ಮೇಲಕ್ಕೆ ತರುತ್ತದೆ. ಕಡಲು ಉಪ್ಪಾದುದೂ ಬಹುಮಟ್ಟಿಗೆ ಹೀಗೆಯೇ. ಅದಕ್ಕೆ ಯುಗಗಳೇ ಹಿಡಿದವು, ಬಸಿಯಲು ದಾರಿಯಿಲ್ಲದ ಗದ್ದೆಗೆ ಕೆಲವೇ ದಶಕಗಳು ಸಾಕು. ಬೇಸಗೆಯಲ್ಲಿ ಅಂಥ ಗದ್ದೆಯ ಮೇಲೆ ಬೆಳ್ಳಗೆ ಹೂತು ನಿಲ್ಲುವುದೇ ರೈತರು ಹೇಳುವ ಚೌಳು. ಪೈರು ಅಲ್ಲಿ ನೀರಿನ ನಡುವೆಯೇ ಬಾಯಾರಿ ಸಾಯುತ್ತದೆ.

ಜಿಪ್ಸಂ ಹಾಕಿದರೆ ಅದರಲ್ಲಿರುವ ಸುಣ್ಣದ ಅಂಶವು ಜೇಡಿಗೆ ಅಂಟಿದ ಸೋಡಿಯಂ ಅನ್ನು ಬಿಡಿಸುತ್ತದೆ. ಬಿಡಿಸಿದರಷ್ಟೇ ಸಾಲದು, ಹೊರಹೋಗಲು ದಾರಿ ಬೇಕು. ಆದುದರಿಂದ ನೀರು ಹಾಯಿಸುವ ಕಾಲುವೆಯಷ್ಟೇ ಬಸಿಗಾಲುವೆಯೂ ಅಗತ್ಯ. ಮದ್ದೂರಿನ ಬಯಲಿನಲ್ಲಿ ಅದನ್ನು ತೋಡಿದವರ ಬಸಿನೀರು ಶಿಂಷೆಗೆ ಇಳಿದು, ಶಿವನಸಮುದ್ರದ ಕೆಳಗೆ ಕಾವೇರಿಯನ್ನು ಕೂಡಿಕೊಂಡು, ಗದ್ದೆಯಲ್ಲಿ ತಂಗಿದ್ದ ಉಪ್ಪನ್ನು ಮತ್ತೆ ಕಡಲಿನ ದಾರಿಗೆ ಹಚ್ಚುತ್ತದೆ.